ದಾನಿಗಳ ಹಣದ ಖರೀದಿಯಲ್ಲಿ ತಡವಾಗುವುದು ಟೆಂಡರಿನಲ್ಲಲ್ಲ

ಜಾಂಬಿಯಾದ ವಿಶ್ವವಿದ್ಯಾಲಯವೊಂದರಲ್ಲಿ ದಾನಿ ಸಂಸ್ಥೆಯ ಹಣದಿಂದ ನಡೆಯುವ ಪ್ರಯೋಗಾಲಯದ ಯೋಜನೆಗೆ ಖರೀದಿ ಅಧಿಕಾರಿಯಾಗಿ ಹೊರಟಿದ್ದೀರಿ. ಮುಕ್ತ ಟೆಂಡರ್, ಕೊಟೇಶನ್, ನೇರ ಖರೀದಿ, ಈ ಮೂರರಲ್ಲಿ ಯಾವುದು ಬೇಗ ಮುಗಿಯುತ್ತದೆ ಎಂದು ಕೇಳಿದ್ದೀರಿ. 2016ರಲ್ಲಿ ಇಂಥದ್ದೇ ಕೆಲಸಕ್ಕೆ ಪಕ್ಕದ ಮಲಾವಿಯ ವಿಶ್ವವಿದ್ಯಾಲಯವೊಂದಕ್ಕೆ ಹೊರಟಾಗ ನಾನೂ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ವಿಮಾನ ಹತ್ತಿದ್ದೆ.

ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸರ್ಕಾರಿ ಖರೀದಿ ವಿಭಾಗದಲ್ಲಿದ್ದೆ. ಕರ್ನಾಟಕದ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆ, ತಾಂತ್ರಿಕ ವಿವರ ಮತ್ತು ಬೆಲೆಯನ್ನು ಬೇರೆಬೇರೆಯಾಗಿ ಪಡೆಯುವ ಎರಡು ಲಕೋಟೆ ಪದ್ಧತಿ, ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವುದು ಎಲ್ಲ ರೂಢಿಯಾಗಿತ್ತು. ಮಲಾವಿಯಲ್ಲೂ ಚೌಕಟ್ಟು ಬೇರೆಯಿರಲಿಲ್ಲ. ವಿಶ್ವವಿದ್ಯಾಲಯದ ಆಂತರಿಕ ಖರೀದಿ ಸಮಿತಿ, ಅದರ ಮೇಲೆ ದೇಶದ ಖರೀದಿ ಕಾಯ್ದೆ, ಅದರ ಮೇಲೆ ದಾನಿಗಳ ನಿಯಮ. ದೊಡ್ಡ ಮೊತ್ತದ್ದಕ್ಕೆ ಹೆಜ್ಜೆಹೆಜ್ಜೆಗೂ ದಾನಿಗಳಿಂದ ನಿರಾಕ್ಷೇಪಣಾ ಪತ್ರ ಬರಬೇಕು, ಸಣ್ಣದನ್ನು ಅವರು ಆಮೇಲೆ ಬಂದು ತಪಾಸಣೆ ಮಾಡುತ್ತಾರೆ. ಆ ಪತ್ರಗಳಿಗೆ ಕಾಯುವುದೇ ದೊಡ್ಡ ಕಷ್ಟ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ನನ್ನ ಬುದ್ಧಿಯನ್ನೆಲ್ಲ ಟೆಂಡರನ್ನು ಬೇಗ ಮುಗಿಸುವುದಕ್ಕೇ ಖರ್ಚು ಮಾಡಿದೆ.

ಮುಗಿಸಿದೆ ಕೂಡ. ಆ ಯೋಜನೆಯ ಅತಿ ದೊಡ್ಡ ಖರೀದಿ ಒಂದು ಎಲ್‌ಸಿ-ಎಂಎಸ್ ಯಂತ್ರ, ಅಂದರೆ ಮಾದರಿಯೊಳಗಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ, ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಅಳೆಯುವುದಕ್ಕೆ. ನಾನು ಚಳ್ಳಕೆರೆ ಕಡೆಯವನು, ಶೇಂಗಾ ನೋಡುತ್ತಲೇ ಬೆಳೆದವನು. ಮಲಾವಿಯಲ್ಲಿ ಅದಕ್ಕೆ ಮ್ಟೆಡ್ಜಾ ಅನ್ನುತ್ತಾರೆ. ಮನೆಮನೆಯಲ್ಲೂ ಕುಟ್ಟಿ ಸೊಪ್ಪಿನ ಪಲ್ಯಕ್ಕೆ ಹಾಕುತ್ತಾರೆ, ಸಣ್ಣ ಮಕ್ಕಳ ಗಂಜಿಗೂ ಬೆರೆಸುತ್ತಾರೆ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಈ ವಿಷ ಹುಟ್ಟುತ್ತದೆ, ವರ್ಷಗಟ್ಟಲೆ ತಿಂದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ನೇರವಾಗಿ ತಿನ್ನುವ ಶೇಂಗಾಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಕಿಲೋಗೆ ಬರೀ 4 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣವನ್ನು ನಂಬಿಕೆಯಿಂದ ಅಳೆಯುವ ಯಂತ್ರ ಹತ್ತಿರದಲ್ಲಿಲ್ಲದಿದ್ದರೆ ರೈತನ ಮಾಲಿಗೆ ಬೆಲೆಯೂ ಇಲ್ಲ, ತಿನ್ನುವವರಿಗೆ ರಕ್ಷಣೆಯೂ ಇಲ್ಲ. ಆ ಯಂತ್ರ ನನಗೆ ಬರೀ ಒಂದು ಕಡತವಾಗಿರಲಿಲ್ಲ. ಅದಕ್ಕೇ ಮುಂದೆ ಆದದ್ದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

2017ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಟೆಂಡರಿನ ಜಾಹೀರಾತು ಕೊಟ್ಟೆವು, ನವೆಂಬರ್ ಮೊದಲ ವಾರ ಗುತ್ತಿಗೆಗೆ ಸಹಿ ಬಿತ್ತು. ಐದು ತಿಂಗಳು. ಎಲ್ಲರೂ ಬೆನ್ನು ತಟ್ಟಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಬಳಸಿದ್ದು ಸರಕು ಖರೀದಿಗೆ ವಿಶ್ವಬ್ಯಾಂಕ್ ರೂಪಿಸಿದ್ದ ಮಾದರಿ ಬಿಡ್ ದಾಖಲೆ. ಅದರಲ್ಲಿ ಸಾಮಾನ್ಯ ಷರತ್ತುಗಳು ಅಂತ ಒಂದು ಭಾಗ, ಅದನ್ನು ಯಾರೂ ಮುಟ್ಟುವಂತಿಲ್ಲ. ವಿಶೇಷ ಷರತ್ತುಗಳು ಅಂತ ಇನ್ನೊಂದು, ಅದನ್ನು ತುಂಬಬೇಕಾದವರು ನಾವು. ಸಾಮಾನ್ಯ ಷರತ್ತು 28.3 ವಾರಂಟಿಯ ಬಗ್ಗೆ. ಸರಕು ಕೊನೆಯ ಸ್ಥಳ ತಲುಪಿ ಸ್ವೀಕೃತವಾದ ದಿನದಿಂದ 12 ತಿಂಗಳು, ಅಥವಾ ಮೂಲ ದೇಶದ ಬಂದರಿನಿಂದ ಸಾಗಣೆಯಾದ ದಿನದಿಂದ 18 ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ವಿಶೇಷ ಷರತ್ತಿನಲ್ಲಿ ಬೇರೆ ಏನಾದರೂ ಬರೆದರೆ ಮಾತ್ರ ಇದು ಬದಲಾಗುತ್ತದೆ. ನಾನು ಏನೂ ಬರೆಯಲಿಲ್ಲ. ಓದಿದ್ದೆ, ಒಂದೂವರೆ ವರ್ಷ ಧಾರಾಳವಾಯಿತು ಅಂದುಕೊಂಡು ಮುಂದಿನ ಪುಟಕ್ಕೆ ಹೋದೆ.

ಹಣ ಪಾವತಿಯ ಷರತ್ತನ್ನೂ ಹಾಗೇ ಮಾಡಿದೆ. ವಿದೇಶದಿಂದ ಬರುವ ಸರಕಿಗೆ ಮಾದರಿಯಲ್ಲಿ ಕೊಟ್ಟಿದ್ದ ಲೆಕ್ಕ ಹೀಗಿತ್ತು: ಸಹಿಯಾದ ಮೇಲೆ ಶೇ. 10 ಮುಂಗಡ, ಹಡಗೇರಿದಾಗ ಎಲ್‌ಸಿ (ಹಣ ಕೊಡುತ್ತೇವೆಂದು ಬ್ಯಾಂಕ್ ಕೊಡುವ ಭರವಸೆ ಪತ್ರ) ಮೂಲಕ ಶೇ. 80, ಸ್ವೀಕೃತಿಯ ನಂತರ ಶೇ. 10. ಅದು ಉದಾಹರಣೆ ಮಾತ್ರ, ಬದಲಾಯಿಸುವ ಹಕ್ಕು ನಮಗಿತ್ತು. ನಾನು ಅಕ್ಷರ ಬಿಡದೆ ನಕಲು ಮಾಡಿದೆ, ಏಕೆಂದರೆ ಮಾದರಿಯಂತೆ ಇದ್ದರೆ ನಿರಾಕ್ಷೇಪಣಾ ಪತ್ರ ಬೇಗ ಬರುತ್ತದೆ. ನಿಜಕ್ಕೂ ಬೇಗ ಬಂತು.

ಇನ್ನೊಂದು ಮಾತು. ಬಿಡ್ ಮಾಡಿದವರಲ್ಲಿ ಎರಡನೆಯವರು ಯಂತ್ರ ಚಾಲೂ ಆದ ದಿನದಿಂದ ಮೂರು ವರ್ಷದ ವಾರಂಟಿ ಕೊಡುತ್ತೇವೆಂದು ಬರೆದಿದ್ದರು, ಬೆಲೆ ಸುಮಾರು ಶೇ. 6 ಹೆಚ್ಚು. ನಾವು ಕೇಳಿರದ ಸೌಲಭ್ಯಕ್ಕೆ ಮೌಲ್ಯಮಾಪನದಲ್ಲಿ ಅಂಕ ಕೊಡುವ ಹಾಗಿಲ್ಲ, ನಿಯಮ ಸರಿಯಾಗಿಯೇ ಇದೆ. ಕೇಳಬೇಕಾಗಿತ್ತು. ಕೇಳಬೇಕಾದವನು ನಾನು.

ಯಂತ್ರ 2018ರ ಮಾರ್ಚ್ 14ರಂದು ಹಡಗೇರಿತು. ಏಪ್ರಿಲ್ ಕೊನೆಗೆ ಮೊಜಾಂಬಿಕ್‌ನ ಬೈರಾ ಬಂದರಿಗೆ ಬಂತು. ಮಲಾವಿಗೆ ಸಮುದ್ರವಿಲ್ಲ. ಬೈರಾದಲ್ಲಿಳಿದದ್ದು ಲಾರಿಯಲ್ಲಿ ಟೆಟೆಯ ಹತ್ತಿರ ಜಾಂಬೆಜಿ ನದಿ ದಾಟಿ, ಗಡಿ ದಾಟಿ ಬರಬೇಕು. ಹಡಗಿನವರು ಕೊಡುವ ಸಾಗಣೆ ಪತ್ರವಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಸರಕು ಪಡೆಯುವವರ ಜಾಗದಲ್ಲಿ ಯೋಜನೆಯ ಹೆಸರಿತ್ತು, ಸುಂಕ ವಿನಾಯಿತಿ ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರು. ಅದನ್ನು ಸರಿಪಡಿಸಲು ಮೂರು ವಾರ ಹಿಡಿಯಿತು, ಅಷ್ಟಕ್ಕೂ ಡೆಮರೇಜ್, ಅಂದರೆ ಸರಕು ಬಂದರಿನಲ್ಲಿ ತಡವಾಗಿ ಉಳಿದದ್ದಕ್ಕೆ ದಂಡ, ಕಟ್ಟಿದೆವು. ಡೆಮರೇಜಿಗೆ ದಾನಿಗಳು ಹಣ ಕೊಡುವುದಿಲ್ಲ, ವಿಶ್ವವಿದ್ಯಾಲಯದ ಸ್ವಂತ ಗಂಟಿನಿಂದಲೇ ಹೋಯಿತು. ಜೂನ್ ಮಧ್ಯಕ್ಕೆ ಪೆಟ್ಟಿಗೆಗಳು ಕ್ಯಾಂಪಸ್ ಮುಟ್ಟಿದವು.

ಅವನ್ನು ಇಳಿಸಿಕೊಳ್ಳಲು ಕೋಣೆಯೇ ಇರಲಿಲ್ಲ.

ಕಟ್ಟಡದ್ದು ಬೇರೆ ಗುತ್ತಿಗೆ, ಬೇರೆ ಗುತ್ತಿಗೆದಾರ, ಬೇರೆ ಕಡತ. ನನ್ನ ಮೇಜಿನ ಮೇಲೇ ಎರಡೂ ಕಡತಗಳಿದ್ದವು, ಒಂದರ ದಿನಾಂಕಕ್ಕೆ ಇನ್ನೊಂದನ್ನು ಹೊಂದಿಸಿ ನಾನು ನೋಡಿರಲಿಲ್ಲ. ಗೋಡೆ ಎದ್ದಿತ್ತು, ಒಳಗೆ ವಿದ್ಯುತ್ತಿರಲಿಲ್ಲ. ಈ ಯಂತ್ರಕ್ಕೆ ಏರಿಳಿತವಿಲ್ಲದ ವಿದ್ಯುತ್ ಬೇಕು, ಹವಾನಿಯಂತ್ರಣ ಬೇಕು, ನೈಟ್ರೋಜನ್ ತಯಾರಿಸುವ ಘಟಕ ಬೇಕು, ಪಂಪಿನ ಹೊಗೆ ಹೊರಹೋಗಲು ಕೊಳವೆ ಬೇಕು. ಮಲಾವಿಯ ವಿದ್ಯುತ್ತಿನ ಬಹುಪಾಲು ಬರುವುದು ಶಿರೆ ನದಿಯಿಂದ. 2017ರ ಕೊನೆಯಲ್ಲಿ ನೀರು ಇಳಿದು ದಿನಗಟ್ಟಲೆ ಕರೆಂಟ್ ಇಲ್ಲದೆ ಕಳೆದವರು ನಾವು. ಅಂಥ ಊರಿನಲ್ಲಿ ಕೂತು, ಯುಪಿಎಸ್ ಅನ್ನು ಯಂತ್ರದ ಪಟ್ಟಿಯಲ್ಲಿ ಹಾಕಬೇಕೋ ಕಟ್ಟಡದ ಪಟ್ಟಿಯಲ್ಲಿ ಹಾಕಬೇಕೋ ತೀರ್ಮಾನವಾಗದೆ ಎರಡರಲ್ಲೂ ಬಿಟ್ಟುಹೋಗಿತ್ತು. ಅದಕ್ಕೆ ಹೊಸ ಟೆಂಡರ್. 2019ರ ಮಾರ್ಚ್‌ನಲ್ಲಿ ಇಡಾಯಿ ಚಂಡಮಾರುತ ಬೈರಾವನ್ನು ನೆಲಸಮ ಮಾಡಿತು, ಮಲಾವಿಯ ದಕ್ಷಿಣ ಭಾಗ ನೀರಿನಲ್ಲಿ ಮುಳುಗಿತು, ಕಟ್ಟಡದ ಸಾಮಾನು ತಿಂಗಳುಗಟ್ಟಲೆ ಬರಲಿಲ್ಲ. ಅಷ್ಟು ಜನ ಮನೆಮಠ ಕಳೆದುಕೊಂಡ ಹೊತ್ತಿನಲ್ಲಿ ಯಾರಿಗೂ ನಮ್ಮ ಕೋಣೆ ಮುಖ್ಯವಾಗುವಂತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಕೊನೆಗೆ 2019ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದಿಂದ ಎಂಜಿನಿಯರ್ ಬಂದರು. 16ನೇ ತಾರೀಖು ಯಂತ್ರ ಚಾಲೂ ಆಯಿತು, ಸ್ವೀಕೃತಿ ಪತ್ರಕ್ಕೆ ಸಹಿ ಮಾಡಿದೆವು.

ಲೆಕ್ಕ ಹಾಕಿ ನೋಡಿ. 2018ರ ಮಾರ್ಚ್ 14ರಿಂದ 18 ತಿಂಗಳು ಅಂದರೆ 2019ರ ಸೆಪ್ಟೆಂಬರ್ 14. ನಮ್ಮ ಯಂತ್ರಕ್ಕೆ ಕೆಲಸ ಮಾಡುತ್ತಾ ಸಿಕ್ಕ ವಾರಂಟಿ 29 ದಿನ. ಕರಾರು ತಪ್ಪಿದರೆ ನಾವು ಹಣ ಪಡೆಯಲೆಂದು ಸರಬರಾಜುದಾರರು ಕೊಟ್ಟಿದ್ದ ಬ್ಯಾಂಕ್ ಗ್ಯಾರಂಟಿಯನ್ನು ವಾರಂಟಿ ಮುಗಿದ 28 ದಿನಗಳೊಳಗೆ ಹಿಂತಿರುಗಿಸಬೇಕು, ಅಂದರೆ ಅಕ್ಟೋಬರ್ 12. ನಾನೇ ಪತ್ರ ಬರೆದು, ಧನ್ಯವಾದ ಹೇಳಿ ಹಿಂತಿರುಗಿಸಿದೆ. ನವೆಂಬರ್ ಎರಡನೇ ವಾರ ಯಂತ್ರದೊಳಗೆ ನಿರ್ವಾತ ಉಂಟುಮಾಡುವ ಟರ್ಬೊ ಪಂಪ್ ಕೆಟ್ಟಿತು.

ಹೊಸ ಪಂಪಿಗೆ, ಎಂಜಿನಿಯರ್ ಬಂದು ಹೋಗುವ ಖರ್ಚೂ ಸೇರಿ, 14,000 ಡಾಲರ್ ಕೇಳಿದರು. ಯೋಜನೆ ಮುಗಿಯುವ ದಿನ ಡಿಸೆಂಬರ್ 31. ಅಷ್ಟರೊಳಗೆ ಪಂಪ್ ಬಂದು ಸೇರಿದರೆ ಮಾತ್ರ ದಾನಿಗಳ ಹಣದಲ್ಲಿ ಕೊಡಬಹುದಿತ್ತು, ಸರಬರಾಜುದಾರರು ಹತ್ತು ವಾರ ಬೇಕೆಂದರು. ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಅದಕ್ಕೆ ಲೆಕ್ಕ ಶೀರ್ಷಿಕೆಯೇ ಇರಲಿಲ್ಲ. ಮಾರ್ಚ್ ಹೊತ್ತಿಗೆ ಹೇಗೋ ಹಣ ಹೊಂದಿತು, ಕೊರೊನಾ ಬಂತು, ವಿಮಾನ ನಿಂತವು. ಯಂತ್ರ ಮತ್ತೆ ಶುರುವಾದದ್ದು 2020ರ ನವೆಂಬರ್‌ನಲ್ಲಿ.

ಆ ಲ್ಯಾಬಿನಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಇದ್ದಳು. ಕಾಸುಂಗು ಮತ್ತು ಮ್ಚಿಂಜಿ ಜಿಲ್ಲೆಗಳ ಹಳ್ಳಿಗಳಿಂದ ಮುನ್ನೂರಕ್ಕೂ ಹೆಚ್ಚು ಶೇಂಗಾ ಮಾದರಿ ತಂದು ಫ್ರೀಜರಿನಲ್ಲಿಟ್ಟಿದ್ದಳು. ಕರೆಂಟ್ ಹೋದಾಗೆಲ್ಲ ರಾತ್ರಿ ಬಂದು ಜನರೇಟರ್ ಹಾಕಿಸುತ್ತಿದ್ದಳು. ಅವಳ ವಿದ್ಯಾರ್ಥಿವೇತನ ಯೋಜನೆಯ ಜೊತೆಗೇ ನಿಂತಿತು, ವರ್ಷವೊಂದು ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡು ಕಾದಳು. ಒಮ್ಮೆಯೂ ನನ್ನನ್ನು ದೂರಲಿಲ್ಲ. ಕಾರಣ ಅವಳಿಗೆ ಗೊತ್ತಿರಲಿಲ್ಲ, 28.3 ಅನ್ನುವುದು ನನ್ನ ಕಡತದೊಳಗಿನ ಸಂಖ್ಯೆ. ನಾನೇ ಒಂದು ದಿನ ಕೂರಿಸಿಕೊಂಡು ಹೇಳಿದೆ.

ನನ್ನನ್ನು ಹೆಚ್ಚು ಕಾಡುವುದು ಷರತ್ತನ್ನು ಖಾಲಿ ಬಿಟ್ಟದ್ದಲ್ಲ. ಮೊದಲ ಬಾರಿಗೆ ಯಾರಾದರೂ ಬಿಡಬಹುದು. ಪೆಟ್ಟಿಗೆಗಳು ಗೋದಾಮಿನಲ್ಲಿ 14 ತಿಂಗಳು ಬಿದ್ದಿದ್ದವಲ್ಲ, ಆಗ ಶೇ. 10 ಹಣ ಇನ್ನೂ ನಮ್ಮ ಕೈಯಲ್ಲಿತ್ತು, ಬ್ಯಾಂಕ್ ಗ್ಯಾರಂಟಿ ಜೀವಂತವಿತ್ತು. ಒಂದು ತಿದ್ದುಪಡಿ ಕೇಳಿದ್ದರೆ, ಸ್ವಲ್ಪ ಹಣ ಹೆಚ್ಚು ಕೊಟ್ಟಾದರೂ, ವಾರಂಟಿ ವಿಸ್ತರಿಸಿಕೊಳ್ಳಬಹುದಿತ್ತು. ಆ 14 ತಿಂಗಳಲ್ಲಿ ನಾನು ಗುತ್ತಿಗೆಯನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ಸಹಿಯಾದ ದಿನವೇ ಖರೀದಿ ಮುಗಿಯಿತೆಂದು ನನ್ನ ಮನಸ್ಸಿನಲ್ಲಿ ಕೂತಿತ್ತು. ಆಡಿಟ್ ವರದಿಯಲ್ಲಿ ಈ ಖರೀದಿಯ ಮೇಲೆ ಒಂದು ಆಕ್ಷೇಪಣೆಯೂ ಬರಲಿಲ್ಲ, ಏಕೆಂದರೆ ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ.

ಆದ್ದರಿಂದ, ಯಾವ ವಿಧಾನ ಬೇಗ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೆಂಡರಿಗೆ ಹಿಡಿದದ್ದು ಐದು ತಿಂಗಳು. ಪೆಟ್ಟಿಗೆ ಕ್ಯಾಂಪಸ್ ಮುಟ್ಟಿದ ಮೇಲೆ ಯಂತ್ರ ಓಡಲು ಹಿಡಿದದ್ದು 14 ತಿಂಗಳು. ನೇರ ಖರೀದಿ ಮಾಡಿ ನಾಲ್ಕು ತಿಂಗಳು ಉಳಿಸಿದ್ದರೆ ಯಂತ್ರ ಗೋದಾಮಿನಲ್ಲಿ ಇನ್ನೂ ನಾಲ್ಕು ತಿಂಗಳು ಹೆಚ್ಚು ಮಲಗಿರುತ್ತಿತ್ತು, ವಾರಂಟಿ ಸ್ವೀಕೃತಿಗೆ ಮೊದಲೇ ಸತ್ತಿರುತ್ತಿತ್ತು. ಕೊಟೇಶನ್ ಮಿತಿಯೊಳಗೆ ಬರಲಿ ಎಂದು ಒಂದೇ ಖರೀದಿಯನ್ನು ಒಡೆಯುವ ಯೋಚನೆ ಮಾತ್ರ ಬೇಡವೇ ಬೇಡ. ನಮ್ಮಲ್ಲಿ ಅದಕ್ಕೆ ತುಂಡು ಗುತ್ತಿಗೆ ಅನ್ನುತ್ತೇವೆ. ದಾನಿಗಳು ಅದನ್ನು ಅಕ್ರಮ ಖರೀದಿ ಎಂದು ಘೋಷಿಸಿದರೆ ಆ ಹಣವನ್ನು ವಾಪಸ್ ಕಟ್ಟಬೇಕಾಗಬಹುದು. ಅಷ್ಟು ಹಣ ಯಾವ ವಿಶ್ವವಿದ್ಯಾಲಯದ ಹತ್ತಿರವೂ ಇರುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ವಾರ ಖರೀದಿ ಯೋಜನೆಯ ಹಾಳೆ ಮುಟ್ಟುತ್ತಿರಲಿಲ್ಲ. ಲ್ಯಾಬಿನ ಹಿರಿಯ ತಂತ್ರಜ್ಞರನ್ನೂ ಕ್ಯಾಂಪಸ್ಸಿನ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಯಂತ್ರ ಕೂರುವ ಕೋಣೆಗೆ ಹೋಗುತ್ತಿದ್ದೆ. ಬಾಗಿಲಿನ ಅಗಲ, ವಿದ್ಯುತ್ ಲೈನ್, ನೀರು, ಎಸಿ ನೋಡುತ್ತಿದ್ದೆ. ಪ್ರಾಧ್ಯಾಪಕರು ಕಂಪನಿಯ ಕರಪತ್ರ ಕೊಟ್ಟು ಇದನ್ನೇ ನಿರ್ದಿಷ್ಟತೆ ಎಂದು ಬರೆಯಿರಿ ಅನ್ನುತ್ತಾರೆ. ಅವರಿಗೆ ವಿಜ್ಞಾನ ಗೊತ್ತು, ಪ್ಲಗ್ ಪಾಯಿಂಟ್ ಗೊತ್ತಿರುವುದು ತಂತ್ರಜ್ಞರಿಗೆ. ಯುಪಿಎಸ್, ಗ್ಯಾಸ್, ಅಳವಡಿಕೆ, ತರಬೇತಿ, ಮೂರು ವರ್ಷದ ನಿರ್ವಹಣೆ ಎಲ್ಲವನ್ನೂ ಯಂತ್ರದ ಬಿಡ್ಡಿನೊಳಗೇ ಸೇರಿಸಿ. ಕೋಣೆ ಸಿದ್ಧ ಎಂದು ನೀವು ಲಿಖಿತವಾಗಿ ತಿಳಿಸಿದ ಮೇಲೆಯೇ ಸರಕು ಕಳಿಸಬೇಕೆಂದು ಷರತ್ತು ಹಾಕಿ. ವಾರಂಟಿ ಚಾಲೂ ಆದ ದಿನದಿಂದ, ಸಾಗಣೆಯ ದಿನದ ಮಾತೇ ಬೇಡ. ಹಡಗೇರಿದಾಗ ಅರ್ಧಕ್ಕಿಂತ ಹೆಚ್ಚು ಹಣ ಕೊಡಬೇಡಿ. ಬೆಲೆ ಏರುತ್ತದೆ, ಸಮಿತಿಯಲ್ಲಿ ಪ್ರಶ್ನೆ ಏಳುತ್ತದೆ, ದಾನಿಗಳ ಕಡೆಯಿಂದ ವಿವರಣೆ ಕೇಳುತ್ತಾರೆ, ಒಂದು ತಿಂಗಳು ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ನೀವು ಸೇರುವ ಹೊತ್ತಿಗೆ ಅಲ್ಲಿ ಸಹಿಯಾಗಿರುವ ಗುತ್ತಿಗೆಗಳು ಖಂಡಿತ ಇರುತ್ತವೆ, ಗೋದಾಮಿನಲ್ಲಿ ತೆರೆಯದ ಪೆಟ್ಟಿಗೆಗಳೂ ಇರಬಹುದು. ಒಂದೊಂದರ ಬಿಲ್ ಆಫ್ ಲೇಡಿಂಗ್ ಹುಡುಕಿ ತೆಗೆದು, ಹಡಗೇರಿದ ದಿನ ನೋಡಿ, ಗುತ್ತಿಗೆಯಲ್ಲಿ ಬರೆದಿರುವಷ್ಟು ತಿಂಗಳು ಕೂಡಿಸಿ. ಬ್ಯಾಂಕ್ ಗ್ಯಾರಂಟಿ ಯಾವತ್ತು ಮುಗಿಯುತ್ತದೆಂದು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಎರಡರಲ್ಲಿ ಯಾವುದಾದರೂ ಮೂರು ತಿಂಗಳ ಒಳಗಿದ್ದರೆ ತಿದ್ದುಪಡಿ ಕೇಳುವ ಪತ್ರ ಅವತ್ತೇ ಹೋಗಲಿ. ಕರಡು ಬೇಕಾದರೆ ಇಲ್ಲೇ ಕೆಳಗೆ ಕೇಳಿ, ನಾನು ಬರೆದುಕೊಡುತ್ತೇನೆ.