ನೆದರ್‌ಲ್ಯಾಂಡ್ಸ್‌ನಲ್ಲಿ ಮನೆ ಹೆರಿಗೆ, ಮತ್ತು ಆಮೇಲಿನ ಮೊದಲ ವಾರ

ನಿಮ್ಮ ಪ್ರಶ್ನೆ ಓದಿದೆ. ಗಂಡನ ಕೆಲಸಕ್ಕೆಂದು ಐಂಡ್‌ಹೋವನ್‌ಗೆ ಬಂದು ಇನ್ನೂ ವರ್ಷವಾಗಿಲ್ಲ, ಈಗ ಮೊದಲ ಬಸಿರು. ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಯೋಚಿಸಿ ಅಂತ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸುವವರು, ಹೇಳಿದ್ದಾರೆ. ಫೋನಿನಲ್ಲಿ ಅದನ್ನು ಕೇಳಿದ ನಿಮ್ಮಮ್ಮ ಗಾಬರಿಯಾಗಿದ್ದಾರೆ. ಮನೆ ಹೆರಿಗೆ ಮಾಡಿಸಿಕೊಳ್ಳಬಹುದಾ, ಆಮೇಲೆ ಬಾಣಂತನಕ್ಕೆ ಯಾರು ದಿಕ್ಕು ಅಂತ ಕೇಳಿದ್ದೀರಿ.

ನನ್ನ ಇಬ್ಬರು ಮಕ್ಕಳೂ ಉಟ್ರೆಕ್ಟ್‌ನಲ್ಲೇ ಹುಟ್ಟಿದವರು. ಎರಡು ಸಲವೂ ಮನೆಯಲ್ಲೇ ಆಗಲಿ ಅಂತಿದ್ದೆವು. ಮೊದಲನೆಯದು ಆಸ್ಪತ್ರೆಯಲ್ಲಿ ಆಯಿತು, ಎರಡನೆಯದು ನಮ್ಮ ಮಲಗುವ ಕೋಣೆಯಲ್ಲಿ. ಹಾಗಾಗಿ ಎರಡೂ ಗೊತ್ತು. ನಾನು ಹೇಳುವುದು ಇಷ್ಟೇ: ಮನಸ್ಸಿದ್ದರೆ ಮನೆ ಅನ್ನಿ, ಆದರೆ ಹಠ ಹಿಡಿಯಬೇಡಿ. ಹೆರಿಗೆ ಎಲ್ಲಿ ಅನ್ನುವುದಕ್ಕಿಂತ, ಅದಾದ ಮೇಲಿನ ಮೊದಲ ವಾರಕ್ಕೆ ಜಾಸ್ತಿ ತಯಾರಿ ಮಾಡಿಕೊಳ್ಳಿ.

ಅಮ್ಮನ ಭಯ ಸುಳ್ಳಲ್ಲ. ನಮ್ಮ ಕಡೆ ಮನೆ ಹೆರಿಗೆ ಅಂದರೆ ಆಸ್ಪತ್ರೆಗೆ ದಾರಿ ಇಲ್ಲದ ಕಾಲದ ಮಾತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ವಾ, ಅಂಥವರ ಕೈಗುಣವನ್ನು ಎಲ್ಲರೂ ಹೊಗಳುತ್ತೇವೆ. ಆದರೂ ಮಗಳ ವಿಷಯ ಬಂದಾಗ ಡಾಕ್ಟರೇ ಬೇಕು ಅನ್ನಿಸುತ್ತದೆ. ಅಮ್ಮನಿಗೆ ಇಲ್ಲಿನ ವ್ಯವಸ್ಥೆ ಬಿಡಿಸಿ ಹೇಳಿ. ಇಲ್ಲಿ ಮಿಡ್‌ವೈಫ್ ಆಗಲು ನಾಲ್ಕು ವರ್ಷದ ಪದವಿ ಓದಬೇಕು. ತೊಂದರೆ ಇಲ್ಲದ ಬಸಿರನ್ನು ಮೊದಲಿನಿಂದ ಕೊನೆಯವರೆಗೆ ಅವರೇ ನೋಡಿಕೊಳ್ಳುತ್ತಾರೆ. ಅವಳಿ, ಬಿಪಿ, ಮಗು ಕಾಲು ಕೆಳಗಾಗಿರುವುದು, ಹಿಂದೆ ಸಿಸೇರಿಯನ್ ಆಗಿರುವುದು, ಇಂಥದ್ದೇನಾದರೂ ಇದ್ದರೆ ಮನೆಯ ಮಾತೇ ಇಲ್ಲ, ಆಸ್ಪತ್ರೆಯೇ. 37 ವಾರ ತುಂಬುವ ಮೊದಲು ನೋವು ಬಂದರೂ ಅಷ್ಟೇ. ನಮ್ಮವರಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ. ಅದರ ಪರೀಕ್ಷೆ 24ರಿಂದ 28ನೇ ವಾರದೊಳಗೆ ಆಗುತ್ತದೆ, ಅವರು ಮರೆತರೆ ನೀವೇ ಕೇಳಿ. ಇನ್ಸುಲಿನ್ ಬೇಕಾಯಿತೆಂದರೆ ಹೆರಿಗೆ ಆಸ್ಪತ್ರೆಯಲ್ಲೇ.

ಈಗ ನಿಮಗೆ ಮುಖ್ಯವಾದ ಮಾತು. ಇದು ನಿಮ್ಮ ಮೊದಲ ಹೆರಿಗೆ. ಇಂಗ್ಲೆಂಡಿನಲ್ಲಿ ಸುಮಾರು 64 ಸಾವಿರ ಹೆರಿಗೆಗಳನ್ನು ಗಮನಿಸಿ 2011ರಲ್ಲಿ ಒಂದು ದೊಡ್ಡ ವರದಿ ಬಂತು. ಮನೆಯಲ್ಲಿ ಹೆರುತ್ತೇವೆ ಅಂದುಕೊಂಡ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಅದು ಬರೀ 12. ಮಗುವಿಗೆ ಗಂಭೀರ ತೊಂದರೆಯಾಗುವುದು ಎಲ್ಲೇ ಆದರೂ ಅಪರೂಪ. ಆದರೆ ಚೊಚ್ಚಲಿನಲ್ಲಿ ಮನೆಯ ಲೆಕ್ಕ ಸಾವಿರಕ್ಕೆ 9.3, ಆಸ್ಪತ್ರೆಯದು 5.3. ಎರಡನೇ ಹೆರಿಗೆಯಿಂದ ಆಚೆಗೆ ಆ ವ್ಯತ್ಯಾಸ ಕಾಣಲಿಲ್ಲ. ಇದು ಇಂಗ್ಲೆಂಡಿನ ಲೆಕ್ಕ, ಆದರೂ ಗಂಡ ಹೆಂಡತಿ ಇಬ್ಬರೂ ತಿಳಿದುಕೊಂಡೇ ತೀರ್ಮಾನ ಮಾಡಬೇಕು. ನನ್ನನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಹೆರಿಗೆ ಮುಂದುವರಿಯದೆ ನಿಂತುಬಿಟ್ಟಿತು ಅಂತ. ಓಡಾಟ, ಕಿರುಚಾಟ ಏನೂ ಇರಲಿಲ್ಲ. ಹೆಚ್ಚಿನವರು ಹೀಗೇ ಹೋಗುತ್ತಾರೆ, ಇಲ್ಲವೇ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬೇಕು ಅಂತ. ಅದು ಮನೆಯಲ್ಲಿ ಸಿಗುವುದಿಲ್ಲ. ಒಡೆದ ನೀರು ಹಸಿರಾಗಿ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ ಮಿಡ್‌ವೈಫ್‌ಗೆ ಫೋನ್ ಮಾಡಿ.

ಮನೆಯ ವಿಷಯ. ಮಂಚದ ಎತ್ತರ 70ರಿಂದ 80 ಸೆಂಟಿಮೀಟರ್ ಇರಬೇಕು. ಎಲ್ಲೇ ಹೆತ್ತರೂ ಇದು ಬೇಕು, ಯಾಕೆಂದರೆ ಆಮೇಲೆ ಬಾಣಂತನಕ್ಕೆ ದಿನಾ ಮನೆಗೆ ಬರುವ ನರ್ಸಮ್ಮನ ಸೊಂಟ ಉಳಿಯಬೇಕು. ಮಂಚ ಎತ್ತರಿಸಲು ಕಾಲಿನಡಿ ಇಡುವ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ. ಇಲ್ಲಿನ ಮೆಟ್ಟಿಲು ಹೇಗಿರುತ್ತವೆ ಅಂತ ನೋಡಿದ್ದೀರಲ್ಲ, ಕಡಿದು, ಇಕ್ಕಟ್ಟು. ಅದರಲ್ಲಿ ಸ್ಟ್ರೆಚರ್ ಇಳಿಸಲು ಆಗದಿದ್ದರೆ ಅಗ್ನಿಶಾಮಕದವರು ಬಂದು ಕಿಟಕಿಯಿಂದ ಇಳಿಸುವುದೂ ಉಂಟು. ನಿಮ್ಮ ಕೋಣೆ ಮೇಲಿನ ಮಹಡಿಯಲ್ಲಿದ್ದರೆ ಮಿಡ್‌ವೈಫ್‌ಗೆ ಈಗಲೇ ತೋರಿಸಿ. ಮನೆಯಲ್ಲೇ ಅಂತ ಎಷ್ಟೇ ಗಟ್ಟಿ ಮಾಡಿದ್ದರೂ ಆಸ್ಪತ್ರೆಯ ಬ್ಯಾಗು ಬಾಗಿಲ ಬಳಿ ಇರಲಿ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಮಿಡ್‌ವೈಫ್ ಖರ್ಚು ಪೂರ್ತಿ ಇಲ್ಲಿನ ಮೂಲ ಆರೋಗ್ಯ ವಿಮೆಯಲ್ಲೇ ಬರುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಆಸ್ಪತ್ರೆ ಬೇಕು ಅಂದರೆ ಕೈಯಿಂದ ಒಂದಿಷ್ಟು ಕೊಡಬೇಕು. ಕಾರಣವಿದ್ದು ಹೋದರೆ ಇಲ್ಲ, ಆದರೆ ಆಂಬುಲೆನ್ಸ್ ಖರ್ಚು, ವಿಮೆಯವರು ಕೊಡುವ ಮೊದಲು ವರ್ಷಕ್ಕಿಷ್ಟು ಅಂತ ನೀವೇ ಭರಿಸಬೇಕಾದ ಪಾಲಿಗೆ ಸೇರಬಹುದು.

ಇನ್ನು ಬಾಣಂತನ. ಈ ದೇಶ ನನಗೆ ಕೊಟ್ಟ ಅತಿ ಒಳ್ಳೆಯ ವಸ್ತು ಕ್ರಾಮ್‌ಜೋರ್ಗ್, ಅಂದರೆ ಮನೆಗೇ ಬರುವ ಬಾಣಂತನದ ಆರೈಕೆ. ತರಬೇತಿ ಪಡೆದ ಒಬ್ಬ ಹೆಂಗಸು ದಿನಾ ಮನೆಗೆ ಬರುತ್ತಾರೆ, ಸಾಮಾನ್ಯವಾಗಿ ಎಂಟು ದಿನ. ಎಲ್ಲ ದಿನ ಸೇರಿ ಕನಿಷ್ಠ 24 ಗಂಟೆ ಸಿಗುತ್ತದೆ, ಹೆಚ್ಚೆಂದರೆ 80. ನಿಮ್ಮ ಪಾಲಿಗೆ ಗಂಟೆಗೆ ಕೆಲವು ಯೂರೋ ಅಷ್ಟೇ, ಉಳಿದದ್ದು ವಿಮೆಯವರದು. ಮನೆ ಹೆರಿಗೆಯಾದರೆ ಕೊನೆಯ ಹೊತ್ತಿನಲ್ಲಿ ಮಿಡ್‌ವೈಫ್‌ಗೆ ಸಹಾಯಕ್ಕೂ ಇವರೇ ಬರುತ್ತಾರೆ. ನಿಮ್ಮ ಹೊಲಿಗೆ, ಗರ್ಭಕೋಶ ಸರಿಯಾಗಿ ಕುಗ್ಗುತ್ತಿದೆಯಾ, ಮಗುವಿನ ಜ್ವರ, ತೂಕ, ಕಾಮಾಲೆ ಎಲ್ಲ ನೋಡಿ ಬರೆದಿಡುತ್ತಾರೆ. ಹಾಲು ಕುಡಿಸಲು ಪಕ್ಕದಲ್ಲೇ ಕೂತು ಕಲಿಸುತ್ತಾರೆ. ಮೊದಲ ದಿನಗಳಲ್ಲಿ ಮಗುವಿನ ತೂಕ ಇಳಿಯುತ್ತದೆ, ಅದು ಸಹಜ. ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು, ಆದರೂ ತಕ್ಕಡಿ ನೋಡಿ ಅಳು ಬಂತು. ಎದುರಿಗೆ ಒಬ್ಬರು ಕೂತು "ಸರಿಯಾಗೇ ಇದೆ, ಇನ್ನೊಂದು ಸಲ ಕುಡಿಸು" ಅಂದಾಗ ಬರುವ ಧೈರ್ಯವೇ ಬೇರೆ. ಮಗುವಿನ ಬಟ್ಟೆ ಬದಲಿಸುವುದು, ಸ್ನಾನ ಮಾಡಿಸುವುದನ್ನು ನನ್ನ ಗಂಡನಿಗೆ ಕಲಿಸಿದ್ದೂ ಅವರೇ. ಅಮ್ಮ ಬರುತ್ತಾರಲ್ಲ ಅಂತ ಗಂಟೆ ಕಡಿಮೆ ಮಾಡಿಸಬೇಡಿ, ದಯವಿಟ್ಟು. ಬಸಿರಿನ 16 ವಾರದೊಳಗೆ ಇದಕ್ಕೆ ಹೆಸರು ಬರೆಸುವುದು ಒಳ್ಳೆಯದು. ಆ ಅವಧಿ ದಾಟಿದ್ದರೆ ಇವತ್ತೇ ಫೋನ್ ಮಾಡಿ, ಇಂಗ್ಲಿಷ್ ಬಲ್ಲವರು ಬೇಕು ಅಂತಲೂ ಹೇಳಿ.

ಅಮ್ಮನ ವೀಸಾ ಯಾವುದೇ 180 ದಿನಗಳಲ್ಲಿ 90 ದಿನಕ್ಕೆ ಮಾತ್ರ. 37ರಿಂದ 42 ವಾರದೊಳಗೆ ಯಾವಾಗ ಹೆತ್ತರೂ ದಿನ ತುಂಬಿದ ಹೆರಿಗೆಯೇ. ಒಂದು ತಿಂಗಳು ಮೊದಲೇ ಕರೆಸಿಕೊಂಡರೆ ಆ ತಿಂಗಳು ಕಾಯುವುದರಲ್ಲೇ ಹೋಗುತ್ತದೆ. ಹೇಳಿದ ತಾರೀಖಿನ ಹತ್ತಿರ ಬರಲಿ. ಗಂಡನಿಗೆ ಒಂದು ವಾರ ಪೂರ್ತಿ ಸಂಬಳದ ರಜೆ, ಆಮೇಲೆ ಐದು ವಾರದವರೆಗೆ 70 ಪರ್ಸೆಂಟ್ ಸಿಗುವ ರಜೆ ಇದೆ. ಎರಡನ್ನೂ ತೆಗೆದುಕೊಳ್ಳಲಿ.

ನಮ್ಮಮ್ಮನಿಗೂ ನರ್ಸಮ್ಮನಿಗೂ ಮೊದಲ ದಿನವೇ ಕಿಟಕಿಯ ಜಗಳ. ನರ್ಸಮ್ಮ ಗಾಳಿ ಬರಲಿ ಅಂತ ತೆರೆಯುವುದು, ಅಮ್ಮ ಬಾಣಂತಿಗೆ ಶೀತ ಅಂತ ಮುಚ್ಚುವುದು. ಎಲ್ಲದಕ್ಕೂ ನೀವು ನಡುವೆ ಬೀಳಬೇಡಿ. ಕೆಲವಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಮಗುವನ್ನು ಅಂಗಾತವೇ ಮಲಗಿಸಬೇಕು, ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡಬಾರದು. ಬೋರಲು ಮಲಗಿಸಬೇಡಿ ಅಂತ ಈ ದೇಶ 1987ರಲ್ಲೇ ಹೇಳಿತು, ಅದರ ನಂತರ ತೊಟ್ಟಿಲಲ್ಲೇ ಮಕ್ಕಳು ಸಾಯುವುದು ತುಂಬಾ ಕಡಿಮೆಯಾಯಿತು. ಜೇನುತುಪ್ಪ ನೆಕ್ಕಿಸುವುದು ಒಂದು ವರ್ಷದವರೆಗೆ ಬೇಡವೇ ಬೇಡ. ಕಣ್ಣಿಗೆ ಕಾಡಿಗೆ ಬೇಡ, ಅದರಲ್ಲಿ ಸೀಸ ಇರಬಹುದು. ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೇಲಾಗಿ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಇರುತ್ತದೆ. ಉಳಿದದ್ದು ಅಮ್ಮನದೇ ರಾಜ್ಯ. ಅಂಟಿನ ಉಂಡೆ, ಸಬ್ಬಸಿಗೆ ಸಾರು, ಮೈಗೆ ಎಣ್ಣೆ ತಿಕ್ಕುವುದು, ಎದ್ದು ಓಡಾಡಬೇಡ ಅಂತ ಗದರುವುದು ಎಲ್ಲವೂ ಬೇಕು. ಇಲ್ಲಿನವರು ನೋಡಲು ಬಂದವರಿಗೆ ರಸ್ಕಿನ ಮೇಲೆ ಸಕ್ಕರೆ ಸವರಿದ ಸೋಂಪಿನಂಥ ಕಾಳು ಉದುರಿಸಿ ಕೊಡುತ್ತಾರೆ. ಅಮ್ಮನಿಗೆ ಅದೊಂದು ಬಹಳ ಹಿಡಿಸಿತು.

ಕೊನೆಯದಾಗಿ ಹೆಸರು. ನಾಮಕರಣ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಅಂತ ನಾವು ಕೂತಿರುತ್ತೇವೆ, ಇಲ್ಲಿನ ನಗರಸಭೆಗೆ ಮೂರು ದಿನದೊಳಗೆ ಹೆಸರು ಕೊಡಬೇಕು. ಅದೂ ಮಗು ಹುಟ್ಟಿದ ಊರಿನ ನಗರಸಭೆಯಲ್ಲಿ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇರುವುದಿಲ್ಲ, ಬರೀ ಇನಿಶಿಯಲ್. ನಿಮ್ಮದೂ ಹಾಗೇ ಇದ್ದರೆ ಮಗುವಿಗೆ ಏನು ಬರೆಯುತ್ತಾರೆ ಅಂತ ಏಳನೇ ತಿಂಗಳಲ್ಲೇ ಹೋಗಿ ಕೇಳಿ. ಮಗುವಿನ ವಿಮೆಗೆ ನಾಲ್ಕು ತಿಂಗಳು ಸಮಯವಿದೆ, ಕಂತು ಇಲ್ಲ. ಭಾರತದ ಪೌರತ್ವಕ್ಕೆ ಒಂದು ವರ್ಷದೊಳಗೆ ಹೇಗ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು.

ಸಕ್ಕರೆ ಪರೀಕ್ಷೆ ಆದ ಮೇಲೆ ಮಿಡ್‌ವೈಫ್ ಏನಂದರು ಅಂತ ಬರೆಯಿರಿ. ಅಮ್ಮನಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಖಂಡಿತ ಮಾತಾಡುತ್ತೇನೆ.