ಓದುಗರ ಪ್ರಶ್ನೆ: ಹಾಕಿಯ ಡ್ರ್ಯಾಗ್ ಫ್ಲಿಕ್‌ಗೆ ಜೋರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮ ಒಕ್ಕದ (ಕೊಡವ ಮನೆತನದ) ಹಾಕಿ ತಂಡದಲ್ಲಿ ನಾನು ಫುಲ್‌ಬ್ಯಾಕ್, ಅಂದರೆ ರಕ್ಷಣಾ ಸಾಲಿನ ಆಟಗಾರ. ವಿ.ಆರ್. ರಘುನಾಥ್ ಅವರಂತೆ ಡ್ರ್ಯಾಗ್ ಫ್ಲಿಕ್ ಮಾಡಲು ಆರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ಚೆಂಡಿಗೆ ಜೋರಿಲ್ಲ, ಗೋಲಿನ ಬಲಗಡೆ ಹೊರಗೆ ಹೋಗುತ್ತದೆ. ಸೊಂಟವೂ ಹಿಡಿದುಕೊಳ್ಳುತ್ತದೆ. ತಪ್ಪು ಎಲ್ಲಿ?
– ಓದುಗರು, ಪೊನ್ನಂಪೇಟೆ

ಉತ್ತರ: ಡ್ರ್ಯಾಗ್ ಫ್ಲಿಕ್ ಎಂದರೆ ಚೆಂಡನ್ನು ಬೀಸಿ ಹೊಡೆಯದೆ, ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವುದು. ನೀವು ಕಾಲಿನ ಕೆಲಸವನ್ನು ಕೈಗೆ ಕೊಡುತ್ತಿರುವಂತೆ ಕಾಣುತ್ತದೆ. 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್ ಆಡಿದ ರಘುನಾಥ್ ಅವರ ಹಳೆಯ ಪಂದ್ಯಗಳ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ. ಕೈ ನೋಡಬೇಡಿ, ಪಾದ ನೋಡಿ.

ಓಡಿ ಬಂದು ಎಡಗಾಲು ಚೆಂಡಿನ ಪಕ್ಕ ಊರುತ್ತದೆ. ಬಲಗಾಲು ಅದರ ಹಿಂದಿನಿಂದ ದಾಟುತ್ತದೆ. ಆಮೇಲೆ ಎಡಗಾಲು ಗೋಲಿನ ಕಡೆಗೆ ಉದ್ದನೆಯ ಹೆಜ್ಜೆ ಇಡುತ್ತದೆ. ಬಲಗಾಲು ದಾಟುವಾಗಲೇ, ಅದರ ಪಕ್ಕದಲ್ಲೇ ಚೆಂಡು ಸ್ಟಿಕ್‌ಗೆ ಸಿಗಬೇಕು. ಅದೂ ಹುಕ್‌ನಲ್ಲಲ್ಲ (ಸ್ಟಿಕ್‌ನ ಕೆಳಗಿನ ಬಾಗಿದ ತುದಿ), ಹುಕ್‌ಗಿಂತ ಒಂದು ಗೇಣು ಮೇಲೆ, ಕೋಲಿನ ಭಾಗದಲ್ಲಿ. ಅಲ್ಲಿಂದ ಚೆಂಡು ಕೆಳಗೆ ಉರುಳಿ ಹುಕ್ ಸೇರುವಷ್ಟರಲ್ಲಿ ನಿಮ್ಮ ಸೊಂಟ ಗೋಲಿನ ಕಡೆ ತಿರುಗಿರುತ್ತದೆ. ಎಡಪಾದದ ಮುಂದೆ ಚೆಂಡು ಬಿಡುಗಡೆಯಾಗುತ್ತದೆ. ಎಳೆತ ಉದ್ದವಾದಷ್ಟೂ ವೇಗ ಹೆಚ್ಚು. ಮೊದಲಿಗೇ ಹುಕ್‌ನಲ್ಲಿ ಹಿಡಿದರೆ ಉರುಳಲು ಜಾಗವೇ ಇರುವುದಿಲ್ಲ, ಸೊಂಟ ತಿರುಗುವ ಮುನ್ನವೇ ಚೆಂಡು ಜಾರುತ್ತದೆ. ಬೇಗ ಬಿಟ್ಟ ಚೆಂಡು ಬಲಕ್ಕೆ, ತಡವಾಗಿ ಬಿಟ್ಟದ್ದು ಎಡಕ್ಕೆ.

ಸೊಂಟ ನೋವಿಗೆ ಮಂಡಿ ನೋಡಿಕೊಳ್ಳಿ. ಮಂಡಿ ನೆಟ್ಟಗಿಟ್ಟು ಬೆನ್ನು ಬಗ್ಗಿಸಿ ತಿರುಗಿದರೆ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ಎಡಗೈ ಮಂಡಿಯ ಮಟ್ಟಕ್ಕೆ ಬರುವಷ್ಟು ಕುಳಿತು ಎಳೆಯಿರಿ. ದಿನಕ್ಕೆ 20–25 ಫ್ಲಿಕ್ ಸಾಕು, ನಡುವೆ ಬಿಡುವು ಕೊಡಿ. ನೂರು ಮಾಡಿದರೆ ಕೊನೆಯ ಎಪ್ಪತ್ತೈದರಲ್ಲಿ ತಪ್ಪನ್ನೇ ಕಲಿಯುತ್ತೀರಿ. ನೋವು ಉಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸ್ಟಿಕ್ ಕೂಡ ನೋಡಿ. ನಿಯಮದ ಪ್ರಕಾರ ಅದರ ಬಾಗು 25 ಮಿ.ಮೀ. ಮೀರಬಾರದು, ಬಾಗಿನ ಆಳವಾದ ಜಾಗ ಕೆಳತುದಿಯಿಂದ 200 ಮಿ.ಮೀ.ಗಿಂತ ಕೆಳಗಿರಬಾರದು. ಈ ಮಿತಿಗೆ ಹತ್ತಿರದ ಸ್ಟಿಕ್‌ನಲ್ಲಿ ಚೆಂಡು ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ನೇರ ಹೊಡೆತ ಹೊಡೆದರೆ ಚೆಂಡು ಏಳುತ್ತದೆ. ಫುಲ್‌ಬ್ಯಾಕ್ ಆದ ನಿಮಗೆ ಅದು ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ಒಣಗಿದ ಮಣ್ಣಿನ ಮೈದಾನದಲ್ಲಿ ಚೆಂಡು ಕುಪ್ಪಳಿಸುತ್ತದೆ. ಶಾರ್ಟ್ ಕಾರ್ನರ್‌ನಲ್ಲಿ (ಪೆನಾಲ್ಟಿ ಕಾರ್ನರ್) ಗೆರೆಯಿಂದ ಚೆಂಡು ತಳ್ಳುವವ, ಅದನ್ನು ಫ್ಲಿಕ್ಕರ್‌ಗಾಗಿ ತಡೆಯುವವ ಇಬ್ಬರೂ ಪಳಗದಿದ್ದರೆ ಎಂಥ ಫ್ಲಿಕ್ಕರ್ ಇದ್ದರೂ ಪ್ರಯೋಜನವಿಲ್ಲ. ಮೂವರೂ ಒಟ್ಟಿಗೇ ಅಭ್ಯಾಸ ಮಾಡಿ.

ಪ್ರಶ್ನೆ: ಶಾರ್ಟ್ ಕಾರ್ನರ್‌ನಲ್ಲಿ ನಮ್ಮ ಹುಡುಗ ಬೀಸಿ ಹೊಡೆದ ಚೆಂಡು ನೇರ ಬಲೆಯ ಮೇಲ್ಮೂಲೆಗೆ ಹೋಯಿತು. ಅಂಪೈರ್ ಗೋಲು ಕೊಡಲಿಲ್ಲ. ಫ್ಲಿಕ್ ಆದರೆ ಕೊಡುತ್ತಾರಲ್ಲ?
– ಓದುಗರು, ನಾಪೋಕ್ಲು

ಉತ್ತರ: ಅಂಪೈರ್ ಸರಿ. ಮೊದಲ ಶಾಟ್ ಬೀಸಿದ ಹೊಡೆತವಾದರೆ ಚೆಂಡು 460 ಮಿ.ಮೀ. ಎತ್ತರ ಮೀರದೆ ಗೋಲುಗೆರೆ ದಾಟಬೇಕು. ಗೋಲಿನ ಹಿಂದಿನ ಹಲಗೆಯ ಎತ್ತರವೂ ಅಷ್ಟೇ, ಹಲಗೆಗೆ ಬಡಿದ ಸದ್ದು ಕೇಳಿದರೆ ಅನುಮಾನವಿಲ್ಲ. ಫ್ಲಿಕ್‌ಗೆ, ಎರಡನೇ ಶಾಟ್‌ಗೆ ಈ ಮಿತಿ ಇಲ್ಲ, ಅಪಾಯಕಾರಿಯಾಗಿರಬಾರದು ಅಷ್ಟೆ. ಚೆಂಡು ಮೊದಲು 'ಡಿ'ಯ (ಗೋಲಿನ ಮುಂದಿನ ಅರ್ಧವೃತ್ತಾಕಾರದ ಗೆರೆ) ಹೊರಗೆ ಹೋಗಿರಬೇಕೆಂಬುದು ಮಾತ್ರ ಎಲ್ಲಕ್ಕೂ ಅನ್ವಯ.

ಪ್ರಶ್ನೆ: ಎಂ.ಎಂ. ಸೋಮಯ್ಯ, ಎಂ.ಪಿ. ಗಣೇಶ್ ಇಬ್ಬರಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು ಯಾರು?
– ಓದುಗರು, ಸೋಮವಾರಪೇಟೆ

ಉತ್ತರ: ಸೋಮಯ್ಯ, 1980ರ ಮಾಸ್ಕೊದಲ್ಲಿ. ಫೈನಲ್‌ನಲ್ಲಿ ಭಾರತ ಸ್ಪೇನನ್ನು 4–3ರಿಂದ ಸೋಲಿಸಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅವರೇ ನಾಯಕ. ಗಣೇಶ್ ಅವರದು 1972ರ ಮ್ಯೂನಿಕ್ ಕಂಚು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರೂ ಅವರೇ.