ಮೂರು ಕಂಪ್ಯೂಟರ್, ಒಂದೇ ಹಾರ್ಡ್ ಡಿಸ್ಕ್: ಯಾವ ಫಾರ್ಮ್ಯಾಟ್ ಸರಿ?

ಪ್ರಶ್ನೆ: ನಮ್ಮದು ಮದುವೆ ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ. ಎಡಿಟಿಂಗ್ ಮ್ಯಾಕ್‌ನಲ್ಲಿ, ಆಲ್ಬಂ ಕೆಲಸ ವಿಂಡೋಸ್‌ನಲ್ಲಿ, ಮಗನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್. ಹೊಸ 2 ಟಿಬಿ ಹಾರ್ಡ್ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ ಅದರಲ್ಲಿರುವ ಫೈಲ್‌ಗಳು ತೆರೆಯುತ್ತವೆ, ಆದರೆ ಅದಕ್ಕೆ ಏನನ್ನೂ ಕಾಪಿ ಮಾಡಲು ಆಗುತ್ತಿಲ್ಲ. ಡಿಸ್ಕ್ ಕೆಟ್ಟಿದೆಯೇ?
– ಓದುಗರು, ಹಾಸನ

ಉತ್ತರ: ಡಿಸ್ಕ್ ಕೆಟ್ಟಿರಲಾರದು. ಅದು ಬಹುಶಃ ವಿಂಡೋಸ್‌ನ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ) ಆದ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿದೆ. ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಅನ್ನು ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಆಗಲಿ, ಲಿನಕ್ಸ್‌ನ ಎಕ್ಸ್ಟ್4 ಆಗಲಿ ವಿಂಡೋಸ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ಹಳೆಯ ಫ್ಯಾಟ್32 ಎಲ್ಲೆಡೆ ನಡೆಯುತ್ತದೆ, ಆದರೆ ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ; ಮದುವೆ ವಿಡಿಯೊಗೆ ಅದು ಸಾಲದು. ನಿಮಗೆ ಬೇಕಾದದ್ದು ಎಕ್ಸ್‌ಫ್ಯಾಟ್: ವಿಂಡೋಸ್, ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ, 4 ಜಿಬಿಯ ಆ ಮಿತಿಯೂ ಇಲ್ಲ. ಉಬುಂಟುವಿನಲ್ಲೂ ತೊಂದರೆಯಿಲ್ಲ: 2020ರ 5.7 ಕರ್ನಲ್‌ನಿಂದೀಚೆಗೆ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಲಿನಕ್ಸ್‌ನಲ್ಲೇ ಅದರ ಪಕ್ಕಾ ಡ್ರೈವರ್ ಇದೆ.

ಫಾರ್ಮ್ಯಾಟ್ ಮಾಡಿದರೆ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ, ಮೊದಲು ಬೇರೆಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆರಿಸಿ, ಫೈಲ್ ಸಿಸ್ಟಮ್ ಜಾಗದಲ್ಲಿ ಎಕ್ಸ್‌ಫ್ಯಾಟ್, ಅಲೊಕೇಶನ್ ಯೂನಿಟ್ (ಫೈಲ್‌ಗೆ ಜಾಗ ಕೊಡುವ ಕನಿಷ್ಠ ಅಳತೆ) 128 ಕಿಲೋಬೈಟ್ ಇಡಿ. ಮ್ಯಾಕ್‌ನಲ್ಲೇ ಮಾಡುವುದಾದರೆ ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ 'ಶೋ ಆಲ್ ಡಿವೈಸಸ್' ಒತ್ತಿ, ಎಲ್ಲಕ್ಕಿಂತ ಮೇಲಿರುವ ಡಿಸ್ಕ್ ಹೆಸರನ್ನೇ ಆರಿಸಿ ಇರೇಸ್ ಮಾಡಿ. ಸ್ಕೀಮ್ 'ಜಿಯುಐಡಿ ಪಾರ್ಟಿಷನ್ ಮ್ಯಾಪ್' ಆಗಿರಲಿ. ಕೆಳಗಿನ ವಾಲ್ಯೂಮ್ ಆರಿಸಿದರೆ ಸ್ಕೀಮ್ ಆಯ್ಕೆ ಕಾಣುವುದೇ ಇಲ್ಲ.

ಆ 128 ಕಿಲೋಬೈಟ್‌ಗೂ ಒಂದು ಬೆಲೆಯಿದೆ. 4 ಕಿಲೋಬೈಟ್‌ನ ಪುಟ್ಟ ಫೈಲ್ ಕೂಡ ಡಿಸ್ಕ್‌ನಲ್ಲಿ ಪೂರ್ತಿ 128 ಕಿಲೋಬೈಟ್ ಹಿಡಿಯುತ್ತದೆ. ಅಂಥವು ಒಂದು ಲಕ್ಷ ಇದ್ದರೆ 12 ಜಿಬಿಗೂ ಹೆಚ್ಚು ಜಾಗ ಹೋಯಿತು. ಎನ್‌ಟಿಎಫ್‌ಎಸ್‌ನಲ್ಲಿ ಅರ್ಧ ಜಿಬಿಯೂ ಆಗುತ್ತಿರಲಿಲ್ಲ. ವಿಡಿಯೊಗೆ ಇದು ಲೆಕ್ಕಕ್ಕಿಲ್ಲ. ಮಗ ಪ್ರೋಗ್ರಾಮಿಂಗ್ ಫೋಲ್ಡರ್ ಇಡುವುದಾದರೆ ಟಾರ್ ಕಡತ (ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿದ್ದು) ಮಾಡಿ ಇಡಲಿ. ಲಿನಕ್ಸ್‌ನ ಪರ್ಮಿಷನ್‌ಗಳನ್ನೂ ಸಿಂಬಾಲಿಕ್ ಲಿಂಕ್‌ಗಳನ್ನೂ (ಬೇರೆ ಫೈಲ್‌ನತ್ತ ಬೊಟ್ಟು ಮಾಡುವ ಕೊಂಡಿಗಳು) ಎಕ್ಸ್‌ಫ್ಯಾಟ್ ಉಳಿಸಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಉದ್ದುದ್ದ ಫೈಲ್ ಹೆಸರು ಇಡುವವರು ಇನ್ನೊಂದು ಗಮನಿಸಬೇಕು. ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿಗೆ 255 ಯೂನಿಕೋಡ್ ಚಿಹ್ನೆಗಳ ಜಾಗವಿದೆ. ಎಕ್ಸ್ಟ್4ನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ 85 ಚಿಹ್ನೆಗೆ ಮುಗಿಯಿತು, ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ. ಡಿಸ್ಕ್‌ನಿಂದ ಉಬುಂಟುವಿಗೆ ಕಾಪಿ ಮಾಡುವಾಗ 'ಫೈಲ್ ನೇಮ್ ಟೂ ಲಾಂಗ್' ಎಂದು ಬಂದರೆ ಕಾರಣ ಇದೇ, ಹೆಸರು ಮೊಟಕು ಮಾಡಿ.

ಎಕ್ಸ್‌ಫ್ಯಾಟ್‌ನ ನಿಜವಾದ ದೌರ್ಬಲ್ಯ ಬೇರೆ. ಎನ್‌ಟಿಎಫ್‌ಎಸ್‌ಗೆ ಇರುವ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿ) ಇದಕ್ಕಿಲ್ಲ, ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಫೋಲ್ಡರ್‌ಗಳೇ ಹಾಳಾಗಬಹುದು. ಪ್ರತಿ ಸಲವೂ ಇಜೆಕ್ಟ್ ಮಾಡಿಯೇ ತೆಗೆಯಿರಿ. ಮದುವೆಯ ಮೂಲ ಫೂಟೇಜ್ ಇದೊಂದರಲ್ಲೇ ಇರುವುದು ಖಂಡಿತ ಬೇಡ, ಆ ಮುಹೂರ್ತವನ್ನು ಮತ್ತೆ ಶೂಟ್ ಮಾಡಲಾಗದು.

ಪ್ರಶ್ನೆ: ಎಕ್ಸ್‌ಫ್ಯಾಟ್ ಡಿಸ್ಕನ್ನು ಇಜೆಕ್ಟ್ ಮಾಡದೆ ಎಳೆದುಬಿಟ್ಟೆ. ಈಗ ಮ್ಯಾಕ್‌ನಲ್ಲಿ ಕಾಣುತ್ತಲೇ ಇಲ್ಲ.
– ಓದುಗರು, ಧಾರವಾಡ

ಉತ್ತರ: ಮತ್ತೆ ಕೀಳಬೇಡಿ. ಆಕ್ಟಿವಿಟಿ ಮಾನಿಟರ್‌ನಲ್ಲಿ 'ಎಫ್‌ಎಸ್‌ಸಿಕೆ_ಎಕ್ಸ್‌ಫ್ಯಾಟ್' (fsck_exfat) ಎಂಬ ಪ್ರೊಸೆಸ್ ಓಡುತ್ತಿದ್ದರೆ ಮ್ಯಾಕ್ ಡಿಸ್ಕನ್ನು ತಪಾಸಣೆ ಮಾಡುತ್ತಿದೆ ಎಂದರ್ಥ. ದೊಡ್ಡ ಡಿಸ್ಕ್‌ಗೆ ಇದು ತುಂಬ ಹೊತ್ತು ಹಿಡಿಯುತ್ತದೆ, ಮುಗಿಯಲು ಬಿಡಿ. ಆಮೇಲೂ ಕಾಣದಿದ್ದರೆ ವಿಂಡೋಸ್‌ಗೆ ಜೋಡಿಸಿ, 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್‌ನಲ್ಲಿ ಬೇರೆಲ್ಲೂ ಇಲ್ಲದ ಕಡತಗಳಿದ್ದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಬಲ್ಲವರಿಗೆ ಕೊಡಿ, ಏಕೆಂದರೆ ರಿಪೇರಿಯೂ ಡಿಸ್ಕ್ ಮೇಲೆ ಬರೆಯುತ್ತದೆ. ನಕಲು ಇದ್ದರೆ ಮಾತ್ರ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಚೆಕ್‌ಡಿಸ್ಕ್' (chkdsk) ಆಜ್ಞೆಯನ್ನು ಡ್ರೈವ್ ಅಕ್ಷರ ಮತ್ತು 'ಎಫ್' ಸ್ವಿಚ್ (/f) ಸಮೇತ ಕೊಡಿ.